ಮಂಡಿಯ ಕೆಳಗೆ, ಮಂಡಿಯ ಮೇಲೆ

9 ಜನವರಿ

ಗುಬ್ಬಿಗೆ,

ನೀನು ಅಳತೆ ತೆಗೆಯುವಾಗ ನಾನು ಎಚ್ಚರವಾಗಿದ್ದೆ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಡ್ಡಾಗಿದ್ದೆ. ನೀನು ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ, ಕಿರುಗುಟ್ಟದಂತೆ ಮುಚ್ಚಿದೆ. ಹೊದಿಕೆ ಸರಿಸಿದೆ. ಟೇಪು ತಣ್ಣಗಿತ್ತು. ತೊಡೆಯ ಬುಡದಲ್ಲಿ ಒಂದು ಸುತ್ತು, ನಡುವೆ ಒಂದು, ಕಾಲು ಮುಗಿಯುವ ತುದಿಯಲ್ಲಿ ಒಂದು. ಪ್ರತಿ ಸಲವೂ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ನಾನು ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದೆ, ಕೈಗೆ ಹತ್ತಿರವಿದ್ದದ್ದು ಊರುಗೋಲು.

ಸಂಜೆ ಬಸ್ಸು ಹತ್ತುವಾಗ ಆ ಅಂಗೈಯನ್ನೇ ಬೀಸಿ ಟಾಟಾ ಮಾಡಿದೆಯಲ್ಲ, ನಿನ್ನ ಧೈರ್ಯಕ್ಕೆ ಏನು ಹೇಳಲಿ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತು ಏರಿಸಿದರೆ ನೀನು "ಅಮ್ಮ, ಕ್ಲಾಸಿಗೆ ಹೊತ್ತಾಯ್ತು" ಅಂತ ಕಟ್ ಮಾಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ಉತ್ತರವನ್ನೂ ಕಾಗದದಲ್ಲೇ ಬರೆ. ಬಾಯಿಗೆ ಬಂದದ್ದನ್ನು ಆಡುವುದು ಸುಲಭ, ಬರೆಯುವಾಗಲಾದರೂ ಸ್ವಲ್ಪ ನಾಚಿಕೆಯಾಗುತ್ತದೆ.

ಊರವರ ಬಟ್ಟೆ ಒಗೆಯುವವಳು ನಾನು. ಯಾರ ಜೇಬಿನಲ್ಲಿ ಏನಿದೆ ಅಂತ ನೋಡಬೇಕಾದರೂ ಗಿರಾಕಿಯ ಎದುರಿಗೇ ನೋಡುತ್ತೇನೆ. ನೀನು ಹೆತ್ತ ತಾಯಿಯ ಹೊದಿಕೆ ಎತ್ತಿ ನೋಡಿದೆ. ಕೇಳಬಹುದಿತ್ತು. ಬಾಯಿ ಇತ್ತಲ್ಲ.

ಏನಕ್ಕೆ ಬೇಕಿತ್ತು ಆ ಅಳತೆ?

ನಿನ್ನ
ಅಮ್ಮ


17 ಜನವರಿ

ಅಮ್ಮನಿಗೆ,

ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ತಪ್ಪಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ. ಆದರೆ ಮುಂದಿನದನ್ನೂ ಕೇಳು. ನವೆಂಬರಿನಲ್ಲಿ ಒಗೆಯುವ ಯಂತ್ರಗಳ ನಡುವೆ ಒದ್ದೆ ನೆಲದಲ್ಲಿ ಜಾರಿ ಬಿದ್ದೆಯಲ್ಲ, ಅದನ್ನು ನೀನು ನನಗೆ ಹೇಳಲಿಲ್ಲ. ಇಸ್ತ್ರಿಯಣ್ಣ ಹೇಳಿದರು. ಈ ಸಲ ಬಂದಾಗ ನೋಡಿದೆ, ಬಲಭುಜ ಎತ್ತಲಾಗದೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಊರುಗೋಲು ಭುಜವನ್ನು ತಿನ್ನುತ್ತಿದೆ. ಇನ್ನು ಹತ್ತು ವರ್ಷ ಹೀಗೇ ಆದರೆ ಭುಜವೂ ಹೋಗುತ್ತದೆ. ಆಗ ಏನು ಮಾಡುತ್ತೀಯ?

ನಾನು ಇಲ್ಲಿ ಏನು ಓದುತ್ತಿದ್ದೇನೆ ಅಂತ ನೀನು ಒಮ್ಮೆಯೂ ಕೇಳಿಲ್ಲ. ಗಿರಾಕಿಗಳಿಗೆ "ಏನೋ ಸೈನ್ಸು" ಅನ್ನುತ್ತೀಯಂತೆ. ನಾನು ಓದುತ್ತಿರುವುದು ಕೃತಕ ಕಾಲು, ಕೈ, ಆಧಾರಪಟ್ಟಿ ಮಾಡುವ ತರಬೇತಿಗೆ ಬೇಕಾದ ಪದವಿ. ಕಾಲು ಮಾಡುವುದನ್ನು ಈ ಮೂರು ವರ್ಷದಲ್ಲಿ ಯಾರೂ ಕಲಿಸುವುದಿಲ್ಲ, ಇದೆಲ್ಲ ಬರೀ ತಯಾರಿ. ಅಂಗರಚನೆಯಲ್ಲಿ ಮೂಳೆ ಸ್ನಾಯುಗಳ ಹೆಸರು ಬಾಯಿಪಾಠ. ಭೌತಶಾಸ್ತ್ರದಲ್ಲಿ ಬಲ, ಸನ್ನೆ, ತೂಕ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ. ಅದರಲ್ಲಿ ನಾನು ಕುಂಟುತ್ತಿದ್ದೇನೆ. ಕ್ಷಮಿಸು, ಬೇರೆ ಪದ ಸಿಗಲಿಲ್ಲ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಒಂದು ಪಟ್ಟಿ ಹಾಕಿದರು, ಕೃತಕ ಕಾಲು ಹಾಕಿಕೊಂಡವರು ಒಂದು ಕಡೆ, ಬಿಟ್ಟವರು ಇನ್ನೊಂದು ಕಡೆ. ಎಲ್ಲರೂ ಶೇಕಡಾ ಬರೆದುಕೊಂಡರು. ನಾನು "ಬಿಟ್ಟವರು" ಎನ್ನುವಲ್ಲಿ ನಿನ್ನನ್ನೇ ನೋಡುತ್ತಾ ಕೂತಿದ್ದೆ.

ಮೇ ತಿಂಗಳಲ್ಲಿ ತರಬೇತಿ ಕೇಂದ್ರದವರ ಸಂದರ್ಶನ. ಅಲ್ಲಿ ಆಯ್ಕೆಯಾದರೆ ಮಾತ್ರ ನಾನು ಈ ಕೆಲಸಕ್ಕೆ ಸೇರಬಹುದು. ನನಗೆ ಬೇರೆ ಯಾವ ಕೆಲಸವೂ ಬೇಡ. ಆ ಅಳತೆಯನ್ನು ಕೇಂದ್ರದ ಮೇಷ್ಟ್ರಿಗೆ ತೋರಿಸಿ, ಈಗ ಬಂದಿರುವ ಹಗುರವಾದ ಕಾಲು ನಿನಗೆ ಆಗುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಷ್ಟೇ ನನ್ನ ಅಪರಾಧ.

ಇದರ ಜೊತೆ ಒಂದು ಪ್ರಬಂಧ ಕಳಿಸಿದ್ದೇನೆ. ಮನಃಶಾಸ್ತ್ರದ ಮೇಡಂಗೆ ಬರೆದುಕೊಟ್ಟದ್ದು. ತರಗತಿಯಲ್ಲಿ ನನಗೇ ಹೆಚ್ಚು ಅಂಕ. ಸಂದರ್ಶನದ ಅರ್ಜಿಗೂ ಅದನ್ನೇ ಲಗತ್ತಿಸಿದ್ದೇನೆ. ಓದು. ನಿನ್ನ ಬಗ್ಗೆ ನಾನು ಎಷ್ಟು ಯೋಚಿಸಿದ್ದೇನೆ ಅಂತ ಆಗಲಾದರೂ ಗೊತ್ತಾಗಲಿ.

ಅಪ್ಪ ಇದ್ದಿದ್ದರೆ ನನ್ನ ಪರವಾಗಿ ಮಾತಾಡುತ್ತಿದ್ದರು.

ನಿನ್ನ
ಗುಬ್ಬಿ


2 ಫೆಬ್ರವರಿ

ಕಾಲೇಜಿನವಳಿಗೆ,

ನಿನ್ನ ಪ್ರಬಂಧ ಓದಿದೆ. ಓದಿದ ಸಿಟ್ಟಿನಲ್ಲಿ ಲಾಡ್ಜಿನವರ ಬಿಳಿ ಹಾಸುಗಳ ಜೊತೆ ಇಸ್ತ್ರಿಯವನ ಕೆಂಪು ಟವಲ್ಲನ್ನೂ ಯಂತ್ರಕ್ಕೆ ತುರುಕಿಬಿಟ್ಟೆ. ಲಾಡ್ಜಿನಲ್ಲಿ ಈಗ ಎಲ್ಲರೂ ಗುಲಾಬಿ ಹಾಸಿನ ಮೇಲೆ ಮಲಗುತ್ತಿದ್ದಾರೆ.

"ಈ ಮಹಿಳೆ ಅಸಹಕಾರಿ ರೋಗಿಗೆ ಉತ್ತಮ ಉದಾಹರಣೆ. ಅಂಗ ಕಳೆದುಕೊಂಡದ್ದನ್ನು ಮನಸ್ಸು ಇನ್ನೂ ಒಪ್ಪಿಕೊಳ್ಳದ ಕಾರಣ ಕೃತಕ ಕಾಲನ್ನು ತಿರಸ್ಕರಿಸಿದ್ದಾರೆ." ಬಹುವಚನ ಕೊಟ್ಟಿದ್ದೀಯ, ದೊಡ್ಡ ಉಪಕಾರವಾಯಿತು.

ನನ್ನ ಮನಸ್ಸು ಏನನ್ನು ಒಪ್ಪಿತು, ಏನನ್ನು ಒಪ್ಪಲಿಲ್ಲ ಅಂತ ನಿನ್ನ ಮೇಡಂಗೆ ಗೊತ್ತು. ನಿನಗೆ ಗೊತ್ತು. ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಸರಿ, ನಿನಗೆ ಗೊತ್ತಿಲ್ಲದ್ದೊಂದನ್ನು ಹೇಳುತ್ತೇನೆ, ಕೂತುಕೊಂಡು ಓದು.

ನನ್ನ ಕಾಲು ಒಂದೇ ಸಲ ಹೋದದ್ದಲ್ಲ. ಎರಡು ಸಲ ಹೋಯಿತು.

ಲಾರಿ ಹರಿದಾಗ ಹೋದದ್ದು ಮಂಡಿಯ ಕೆಳಗಿನದು ಮಾತ್ರ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ನೀನು ಇನ್ನೂ ಹುಟ್ಟಿರಲಿಲ್ಲ. ಮಂಡಿ ಉಳಿದಿತ್ತು. ಮಂಡಿ ಉಳಿದರೆ ಅರ್ಧ ಗೆದ್ದ ಹಾಗೆ ಅಂದರು ಡಾಕ್ಟರು. ನಿಮ್ಮಪ್ಪ ಸಾಲ ಸೋಲ ಮಾಡಿ ಕಾಲು ಮಾಡಿಸಿದರು. ನಾನು ಖುಷಿಯಾಗಿಯೇ ಹಾಕಿಕೊಂಡೆ. ಕೇಳಿಸಿಕೋ, ಖುಷಿಯಾಗಿಯೇ. ಅದಕ್ಕೆ ಹೊಂದುವ ಚಪ್ಪಲಿಯನ್ನೂ ಕೊಂಡುಕೊಂಡಿದ್ದೆ.

ಒಂದೇ ವಾರದಲ್ಲಿ ನೋವು ಶುರುವಾಯಿತು. ಮಂಡಿಯ ಹೊರಬದಿಯಲ್ಲಿ, ಮೂಳೆಯ ಮೇಲೆ, ಬೆರಳಿಟ್ಟು ತೋರಿಸುವಂಥ ಒಂದು ಜಾಗ. ತೋರಿಸಿದೆ ಕೂಡ. ಕಾಲು ಮಾಡಿದವನು ನೋಡಿ, "ಎಲ್ರಿಗೂ ಹೀಗೇ ಆಗತ್ತೆ. ನೀವು ನಡೀತಾ ಇಲ್ಲ, ಅದಕ್ಕೇ" ಅಂದ. ಡಾಕ್ಟರು, "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ನನ್ನಮ್ಮ, ಅಂದರೆ ನಿನ್ನ ಅಜ್ಜಿ, "ಗಂಡ ಇಷ್ಟೊಂದು ನೋಡ್ಕೋತಾನೆ, ನಿಂದೇ ಹಠ" ಅಂದಳು.

ನಿಮ್ಮಪ್ಪ ಹಾಗೆಲ್ಲ ಅನ್ನಲಿಲ್ಲ. ದಿನಾ ಬೆಳಿಗ್ಗೆ ಎದ್ದು ನನ್ನ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಪೌಡರ್ ಹಾಕಿ, ಬಟ್ಟೆಯ ಕಾಲುಚೀಲ ಏರಿಸಿ, ಕಾಲು ತೊಡಿಸಿ, ಪಟ್ಟಿ ಬಿಗಿಯುತ್ತಿದ್ದರು. "ನೋಯ್ತಿದೆ ಕಣ್ರೀ" ಅಂದರೆ, "ಇನ್ನೊಂದು ಸ್ವಲ್ಪ ದಿನ ತಡ್ಕೋ, ಅಭ್ಯಾಸ ಆಗತ್ತೆ" ಅಂತ ತಲೆ ಸವರುತ್ತಿದ್ದರು. ಒಂದು ದಿನ ಕಾಲನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಹುಡುಕಿ ತೆಗೆದು, ಬೈಯದೆ, ನಗುನಗುತ್ತಾ ತೊಡಿಸಿದರು. ಸಂಜೆ ಕೈ ಹಿಡಿದು ಬೀದಿಯ ತುದಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು, ಎಂಥ ಗಂಡ ಅನ್ನುತ್ತಿದ್ದರು. ನಾನು ತುಟಿ ಕಚ್ಚಿಕೊಂಡು ನಡೆಯುತ್ತಿದ್ದೆ. ಅವರೆಲ್ಲರ ಮುಂದೆ ಆ ಒಳ್ಳೆಯ ಮನುಷ್ಯನಿಗೆ ನೋವು ಅಂತ ಹೇಗೆ ಹೇಳಲಿ?

ಎರಡು ವರ್ಷ. ಹುಣ್ಣಾಯಿತು, ಮಾಯಿತು, ಮತ್ತೆ ಆಯಿತು. ಕೊನೆಗೆ ಕೀವು ಮೂಳೆಗೆ ಇಳಿಯಿತು. ಜ್ವರದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಕಣ್ಣು ಬಿಟ್ಟಾಗ ಮಂಡಿ ಇರಲಿಲ್ಲ.

ನಾನು ಸಹಕರಿಸಿದೆ ಗುಬ್ಬಿ. ನನ್ನಷ್ಟು ಸಹಕರಿಸಿದವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ. ಸಹಕರಿಸಿ ಸಹಕರಿಸಿ ಮಂಡಿ ಕಳೆದುಕೊಂಡೆ. ಅವತ್ತು ತೀರ್ಮಾನ ಮಾಡಿದೆ, ಇನ್ನು ಈ ಮೈ ಏನನ್ನು ಬೇಡ ಅನ್ನುತ್ತದೋ ಅದು ಬೇಡ.

ನೀನು ಹೊದಿಕೆ ಸರಿಸಿದಾಗ ಅದು ನಿಮ್ಮಪ್ಪನ ಕೈಯೇ. ಅಷ್ಟೇ ಮೆತ್ತಗೆ. ಅಷ್ಟೇ ಪ್ರೀತಿಯಿಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮ


11 ಫೆಬ್ರವರಿ

ಅಮ್ಮ,

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವರು ಬದುಕಿದ್ದಾಗ ಬಾಯಿ ಹೊಲಿದುಕೊಂಡಿದ್ದೆ. ಹೋದ ಮೇಲೂ ಹೊಲಿದುಕೊಂಡಿದ್ದೆ. ಈಗ ಒಂದು ಪ್ರಬಂಧದ ಸಿಟ್ಟಿಗೆ, ಎರಡು ಹಾಳೆಯಲ್ಲಿ, ಅವರನ್ನು ನನ್ನಿಂದ ಕಿತ್ತುಕೊಂಡುಬಿಟ್ಟೆ. ಉತ್ತರ ಹೇಳೋಕೆ ಅವರೂ ಇಲ್ಲ.

ನನಗೆ ಗೊತ್ತಿಲ್ಲದ್ದನ್ನು ಬರೆದೆ ಅಂತ ಬೈಯುತ್ತೀಯ. ಗೊತ್ತು ಮಾಡಿಸಿದ್ದು ಯಾವಾಗ? "ಲಾರಿ ಹರೀತು, ಕಾಲು ಹೋಯ್ತು." ಇಷ್ಟೇ ಅಲ್ಲವೇ ನನಗೆ ಹೇಳಿದ್ದು? ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, ಅಮ್ಮ ನೀನು ಯಾಕೆ ಕಾಲು ಹಾಕ್ಕೊಳಲ್ಲ ಅಂತ. "ಸೆಕೆ ಆಗತ್ತೆ" ಅಂದಿದ್ದೆ. ಸೆಕೆ. ಅದನ್ನು ನಂಬಿಕೊಂಡು ಬೆಳೆದವಳು ನಾನು. ಗಾಳಿಯಾಡುವ ಕಾಲು ಮಾಡಬೇಕು ಅಂದುಕೊಂಡೇ ಈ ಓದಿಗೆ ಸೇರಿದ್ದು, ಗೊತ್ತಾ ನಿನಗೆ?

ಮತ್ತೆ ಆ ಪೈಪು? ಲಾಂಡ್ರಿಯ ಚಾವಣಿಗೆ ಉದ್ದಕ್ಕೂ ಸ್ಟೀಲ್ ಪೈಪು ಹಾಕಿಸಿ, ಊರುಗೋಲಿಲ್ಲದೆ ನೀನು ಯಂತ್ರದಿಂದ ಯಂತ್ರಕ್ಕೆ ಓಡಾಡುವ ಹಾಗೆ ಮಾಡಿದ್ದು ಯಾರು?

ಈಗ ನನಗೆ ಬರೆಯಲು ಮನಸ್ಸಿಲ್ಲ.

ಗುಬ್ಬಿ


20 ಮಾರ್ಚ್

ಗುಬ್ಬಿಗೆ,

ಒಂದು ತಿಂಗಳಾಯಿತು, ಕಾಗದವಿಲ್ಲ. ಫೋನ್ ಮಾಡಿದರೆ "ಊಟ ಆಯ್ತು, ಮಲಗ್ತೀನಿ" ಅನ್ನುತ್ತೀಯ. ಹಾಸ್ಟೆಲಿನಲ್ಲಿ ಸಂಜೆ ಆರಕ್ಕೇ ಮಲಗಿಸುತ್ತಾರೇನು?

ಸೆಕೆ ಅಂದದ್ದು ನಿಜ. ನೀನು ಆಗ ಒಂದನೇ ಕ್ಲಾಸು. ಆ ವಯಸ್ಸಿನವಳಿಗೆ ಕೀವು, ಮೂಳೆ ಅಂತ ಹೇಳಬೇಕಿತ್ತೇನು? ದೊಡ್ಡವಳಾದ ಮೇಲೆ ಹೇಳಬಹುದಿತ್ತು ಅನ್ನುತ್ತೀಯ. ಅಷ್ಟು ಹೊತ್ತಿಗೆ ನೀನು ಅಪ್ಪನ ಬಾಲವಾಗಿದ್ದೆ. ಅವರ ಸೈಕಲ್ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ. ನಾನು ಯಾವ ಬಾಯಲ್ಲಿ ಹೇಳಲಿ?

ಪೈಪಿನ ವಿಷಯ. ಹೌದು, ಅವರೇ ಹಾಕಿದ್ದು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನುಷ್ಯ ಆರು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಕಾಲನ್ನು ಒಂದು ದಿನ ಎಲ್ಲೋ ಒಯ್ದು ಬಿಸಾಡಿ ಬಂದರು. ಆಮೇಲೆ ಒಂದು ಭಾನುವಾರ ಏಣಿ ತಂದು, ಗೋಡೆಗೆ ತೂತು ಕೊರೆದು, ಪೈಪು ಹಾಕಿದರು. ನೇತಾಡಿ ನೋಡಿದರು, ಗಟ್ಟಿ ಇದೆಯೇ ಅಂತ. "ಹಿಡ್ಕೊಂಡು ನೋಡು" ಅಂದರು. ಅದು ಅವರು ಕೇಳಿದ ಕ್ಷಮೆ. ಬಾಯಲ್ಲಿ ಕೇಳಲಿಲ್ಲ, ಕೊನೆಯವರೆಗೂ ಕೇಳಲಿಲ್ಲ. ಆ ಪೈಪು ಹಿಡಿದುಕೊಂಡೇ ಇಪ್ಪತ್ತು ವರ್ಷ ದುಡಿದಿದ್ದೇನೆ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ಕೆಲವು ದಿನ ಕ್ಷಮಿಸುತ್ತೇನೆ, ಭುಜ ನೋಯುವ ದಿನ ಇಲ್ಲ.

ಅವರನ್ನು ನಿನ್ನಿಂದ ಕಿತ್ತುಕೊಳ್ಳಲಿಲ್ಲ. ನಿನ್ನ ಅಪ್ಪ ನಿನಗೆ ಒಳ್ಳೆಯ ಅಪ್ಪನೇ. ನಾನು ಹೇಳಿದ್ದು ನನ್ನ ಗಂಡನ ವಿಷಯ.

ಲಾಡ್ಜಿನವರು ಗುಲಾಬಿ ಹಾಸು ಚೆನ್ನಾಗಿದೆ, ಉಳಿದವಕ್ಕೂ ಹಾಗೇ ಮಾಡಿಕೊಡಿ ಅಂದರು. ಲೋಕದಲ್ಲಿ ಎಂಥೆಂಥವರಿರುತ್ತಾರೆ ನೋಡು.

ಅಮ್ಮ


14 ಏಪ್ರಿಲ್

ಅಮ್ಮನಿಗೆ,

ಬರೆಯಬಾರದು ಅಂತಲೇ ಇದ್ದೆ. ನಿನ್ನೆ ನಡೆದದ್ದನ್ನು ಬೇರೆ ಯಾರಿಗೂ ಹೇಳಲಾಗದ ಕಾರಣ ಬರೆಯುತ್ತಿದ್ದೇನೆ.

ವಾರಕ್ಕೊಂದು ದಿನ ನಮ್ಮನ್ನು ತರಬೇತಿ ಕೇಂದ್ರದ ಕಾರ್ಯಾಗಾರಕ್ಕೆ ಕರೆದೊಯ್ಯುತ್ತಾರೆ, ಕೆಲಸ ಹೇಗಿರುತ್ತದೆ ಎಂದು ನೋಡಲು. ನಿನ್ನೆ ಮೊದಲ ಸಲ ಕೈಗೆ ಕೆಲಸ ಕೊಟ್ಟರು. ಕಾಲಿನ ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದರೆ ಕಾಲಿನದೇ ಗೊಂಬೆ ಸಿಗುತ್ತದೆ. ಆ ಗೊಂಬೆಯನ್ನು ತಿದ್ದಿ, ಅದರ ಮೇಲೆ ಬಟ್ಟಲು ಮಾಡುತ್ತಾರೆ. ಕಾಲು ಕೂರುವುದು ಆ ಬಟ್ಟಲಿನಲ್ಲಿ. ನನ್ನ ಹಾಸ್ಟೆಲ್ ಗೆಳತಿಯ ಕಾಲಿನ ಗೊಂಬೆ ನನ್ನ ಪಾಲಿಗೆ ಬಂತು. ಮಂಡಿಯ ಕೆಳಗೆ ಹೊರಬದಿಯಲ್ಲಿ ಮೂಳೆಯ ಗಂಟೊಂದಿದೆ. ಅಲ್ಲಿ ಒತ್ತಡ ಬೀಳಬಾರದು ಅಂತ ಪುಸ್ತಕದಲ್ಲಿ ಓದಿದ್ದೆ. ಒತ್ತಬಾರದು ಅಂದರೆ ತಗ್ಗಿಸಬೇಕು ಅಂದುಕೊಂಡು ಆ ಜಾಗವನ್ನು ನೀಟಾಗಿ ಕೆರೆದು ತೆಗೆದೆ. ಉಪ್ಪುಕಾಗದ ಹಾಕಿ ಉಜ್ಜಿದೆ. ನನಗೇ ಹೆಮ್ಮೆಯಾಯಿತು.

ಮೇಷ್ಟ್ರು ಬಂದು ನೋಡಿ ನಕ್ಕರು. ಗೊಂಬೆಯಲ್ಲಿ ಕೆರೆದರೆ ಬಟ್ಟಲು ಅಲ್ಲಿ ಒಳಕ್ಕೆ ಬರುತ್ತದೆ ಅಮ್ಮ. ಕೆರೆದಷ್ಟೂ ಮೂಳೆಯನ್ನು ಒತ್ತುತ್ತದೆ. ಮೂಳೆಯಿರುವಲ್ಲಿ ತೆಗೆಯಬಾರದು, ಪ್ಲಾಸ್ಟರ್ ಸೇರಿಸಬೇಕು. ಆಗ ಬಟ್ಟಲಿನಲ್ಲಿ ಅಲ್ಲಿ ಜಾಗ ಬಿಡುತ್ತದೆ. ನಾನು ಪೂರ್ತಿ ಉಲ್ಟಾ ಮಾಡಿದ್ದೆ.

"ಇದು ಮೊದ್ಲ ಸಲ ಎಲ್ರೂ ಮಾಡೋ ತಪ್ಪೇ" ಅಂದರು. ಎಲ್ಲರೂ ನಕ್ಕರು.

ನಾನು ಕೇಳಿದೆ, "ಸರ್, ಗೊತ್ತಾಗದೆ ಹಾಗೇ ಕಾಲು ಮಾಡಿಬಿಟ್ರೆ? ತಪ್ಪಾಗಿದೆ ಅಂತ ಹೇಗೆ ತಿಳಿಯತ್ತೆ?"

"ಹಾಕ್ಕೊಂಡೋರು ಹೇಳ್ತಾರಲ್ಲಮ್ಮ" ಅಂದರು, ಅದೇನು ದೊಡ್ಡ ವಿಷಯ ಅನ್ನುವ ಹಾಗೆ.

ನೀನು ಹೇಳಿದ್ದೆ. ಬೆರಳಿಟ್ಟು ತೋರಿಸಿದ್ದೆ. ಅದೇ ಜಾಗ. ನಾನು ಆಚೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ನಿಂತೆ, ಬೆರಳ ಸಂದಿಯ ಪ್ಲಾಸ್ಟರ್ ಹೋಗಲೇ ಇಲ್ಲ. ನಿನಗೆ ಕಾಲು ಮಾಡಿದವನನ್ನು ಈಗ ಎದುರಿಗೆ ತಂದು ನಿಲ್ಲಿಸಿದರೆ ಏನು ಮಾಡುತ್ತೇನೋ ಗೊತ್ತಿಲ್ಲ. ಅವನು ಮಾಡಿದ್ದು ನನ್ನದೇ ತಪ್ಪು ಅನ್ನುವುದು ಇನ್ನೂ ಸಿಟ್ಟು ಬರಿಸುತ್ತದೆ.

ಇವತ್ತು ಮನಃಶಾಸ್ತ್ರದ ಮೇಡಂ ಹತ್ತಿರ ಹೋಗಿ, ಪ್ರಬಂಧ ತಪ್ಪು, ಅರ್ಜಿಯಿಂದ ತೆಗೆಸಿಕೊಡಿ ಅಂದೆ. ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ನಿಮ್ಮಮ್ಮ ಕೋಪದಲ್ಲಿ ಹೇಳಿರೋದನ್ನ ಹಾಗೇ ತಗೋಬಾರ್ದು. ಇಷ್ಟು ವರ್ಷದ ಮೇಲೂ ಇಷ್ಟು ಕೋಪ ಇದೆ ಅಂದ್ರೆ, ಅದೂ ಒಪ್ಪಿಕೊಂಡಿಲ್ಲ ಅನ್ನೋದರ ಲಕ್ಷಣವೇ" ಅಂದರು. ಅರ್ಜಿ ಹೋಗಿ ಆಗಿದೆಯಂತೆ, ಬದಲಾಯಿಸಲು ಬರುವುದಿಲ್ಲವಂತೆ. ಆಯ್ಕೆಯಾಗುವುದಿದ್ದರೆ ಆ ಪ್ರಬಂಧದಿಂದಲೇ ಆಗುತ್ತೀಯ, ಬಾಯಿ ಮುಚ್ಚಿಕೊಂಡಿರು ಅಂದರು. ಇಷ್ಟು ಒರಟಾಗಿ ಅಲ್ಲ, ನಯವಾಗಿ.

ಏನು ಮಾಡಲಿ?

ಗುಬ್ಬಿ


22 ಏಪ್ರಿಲ್

ಗುಬ್ಬಿಗೆ,

ನೋವು ಅಂದರೆ ಹಠ. ಕೋಪ ಮಾಡಿಕೊಂಡರೆ ಲಕ್ಷಣ. ಹಾಗಾದರೆ ನಾನು ಏನು ಹೇಳಿದರೆ ಅದು ಬರೀ ಮಾತು ಅನ್ನಿಸಿಕೊಳ್ಳುತ್ತದೆ? ನಿನ್ನ ಮೇಡಂನ ಕೇಳಿ ಬರೆ.

ಅಂದರೆ ಅವನು ಕೆರೆದುಬಿಟ್ಟಿದ್ದ. ತುಂಬಬೇಕಾದಲ್ಲಿ ಕೆರೆದಿದ್ದ. ಇದನ್ನು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಸ್ತ್ರಿಯವನು ನೀರು ತಂದುಕೊಟ್ಟ. ಎಷ್ಟೋ ವರ್ಷ ನನಗೆ ಒಳಗೊಳಗೇ ಒಂದು ಅನುಮಾನವಿತ್ತು, ನಾನೇ ನಾಜೂಕಿನವಳೇನೋ, ಬೇರೆಯವರು ತಡೆದುಕೊಳ್ಳುವುದನ್ನು ನಾನು ತಡೆದುಕೊಳ್ಳಲಿಲ್ಲವೇನೋ ಅಂತ. ಹಾಳಾಗಿ ಹೋಗಲಿ ಅವನು.

ಏನು ಮಾಡಲಿ ಅಂತ ನನ್ನನ್ನು ಕೇಳಬೇಡ. ಪ್ರಬಂಧ ಇರಲಿ ಅಂದರೆ ನನ್ನ ಹೊಟ್ಟೆ ಉರಿಯುತ್ತದೆ. ತೆಗೆ ಅಂದರೆ, ನಾಳೆ ಸೀಟು ಸಿಗದಿದ್ದರೆ ಅಮ್ಮನ ದೆಸೆಯಿಂದ ಹೋಯಿತು ಅನ್ನುತ್ತೀಯ. ಬಾಯಲ್ಲಿ ಅನ್ನದಿದ್ದರೂ ಮನಸ್ಸಿನಲ್ಲಿ ಅನ್ನುತ್ತೀಯ. ಬರೆದವಳು ನೀನು. ಏನು ಮಾಡಬೇಕೋ ನೀನೇ ನೋಡಿಕೋ.

ಅಮ್ಮ


19 ಮೇ

ಅಮ್ಮನಿಗೆ,

ಆಯ್ಕೆಯಾಗಲಿಲ್ಲ.

ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಕೂತವರ ಕೈಯಲ್ಲಿ ನನ್ನ ಪ್ರಬಂಧವಿತ್ತು, ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. "ತುಂಬಾ ಚೆನ್ನಾಗಿ ಬರ್ದಿದೀರ. ಮನೆಯವರನ್ನೇ ಇಷ್ಟು ದೂರದಿಂದ ನೋಡೋದು ಸುಲಭ ಅಲ್ಲ" ಅಂದರು. ಅಲ್ಲಿಗೇ ಥ್ಯಾಂಕ್ಸ್ ಅಂದು ಸುಮ್ಮನಾಗಿದ್ದರೆ ಸಾಕಿತ್ತು ಅಂತ ಈಗಲೂ ಅನ್ನಿಸುತ್ತಿದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

"ಅದು ತಪ್ಪು ಸರ್" ಅಂದೆ. "ಅವರನ್ನ ಕೇಳದೆ ಬರ್ದೆ. ಅವರು ಕಾಲು ಬಿಟ್ಟಿದ್ದು ಮನಸ್ಸು ಒಪ್ಪದೆ ಅಲ್ಲ, ಬಟ್ಟಲು ಮೂಳೆ ಒತ್ತಿ. ನೋವು ಅಂತ ಎರಡು ವರ್ಷ ಹೇಳಿದಾರೆ, ಯಾರೂ ಕೇಳಲಿಲ್ಲ. ಕೊನೆಗೆ ಮಂಡಿ ಹೋಯ್ತು." ನನ್ನ ದನಿ ಏರಿತ್ತು. ನಾನು ಏರಿಸಿದ್ದಲ್ಲ, ಅದೇ ಏರಿತು.

ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಬ್ಬರು, "ನಿಮ್ಗೆ ಈ ವಿಷಯ ತುಂಬಾ ಹತ್ತಿರ ಆಯ್ತೇನೋ. ಈ ಕೆಲಸಕ್ಕೆ ಸಮಾಧಾನ ಬೇಕು" ಅಂದರು. ಆಮೇಲೆ ಭೌತಶಾಸ್ತ್ರದ ಒಂದು ಪ್ರಶ್ನೆ ಕೇಳಿದರು. ಊರುಗೋಲು ಹಿಡಿದು ನಿಂತವರ ಭುಜಕ್ಕೆ ಎಷ್ಟು ಭಾರ ಬೀಳುತ್ತದೆ ಎಂದು ಲೆಕ್ಕ ಹಾಕಬೇಕಿತ್ತು. ತಪ್ಪು ಮಾಡಿದೆ. ನಿನ್ನ ಭುಜವನ್ನು ದಿನಾ ನೋಡಿದವಳು ಅದರ ಲೆಕ್ಕ ತಪ್ಪಿದೆ.

ಪಟ್ಟಿಯಲ್ಲಿ ನಾನಿಲ್ಲ. ಗೆಳತಿ ಆಯ್ಕೆಯಾದಳು. ಮುಂದಿನ ವರ್ಷ ಮತ್ತೆ ಬರಬಹುದು ಅಂದಿದ್ದಾರೆ, ಭೌತಶಾಸ್ತ್ರ ಮತ್ತೆ ಬರೆದು. ನನಗೆ ಎಲ್ಲರ ಮೇಲೂ ಕೋಪ. ನಿನ್ನ ಮೇಲೂ ಇದೆ, ಸುಳ್ಳು ಯಾಕೆ ಹೇಳಲಿ.

ಗುಬ್ಬಿ


28 ಮೇ

ಗುಬ್ಬಿಗೆ,

ಸಮಾಧಾನ ಬೇಕಂತೆ. ನನಗೆ ಕಾಲು ಮಾಡಿದವನು ಬಲು ಸಮಾಧಾನಿಯಾಗಿದ್ದ. ಒಂದು ದಿನವೂ ದನಿ ಏರಿಸಿದವನಲ್ಲ.

ಊರುಗೋಲು ಎತ್ತಿಕೊಂಡು ಆ ಮೂವರ ಹತ್ತಿರ ಹೋಗೋಣ ಅಂತ ಬಸ್ಸಿನ ಹೊತ್ತನ್ನೂ ವಿಚಾರಿಸಿದೆ. ಇಸ್ತ್ರಿಯವನು ತಡೆದ. "ಅಕ್ಕ, ನೀವು ಹೋಗಿ ಬಾಯಿ ಮಾಡಿದ್ರೆ ಮುಂದಿನ ವರ್ಷದ್ದೂ ಹೋಗತ್ತೆ" ಅಂದ. ಅವನು ಹೇಳಿದ್ದು ಸರಿ, ಅದಕ್ಕೂ ಅವನಿಗೆ ಬೈದೆ.

ನನ್ನ ಮೇಲೆ ಕೋಪ ಇದ್ದರೆ ಇರಲಿ. ಕೋಪ ಇಟ್ಟುಕೊಂಡೇ ಓದು. ಅತ್ತು ಮುಗಿಸಿ, ಭೌತಶಾಸ್ತ್ರ ಮತ್ತೆ ಕಟ್ಟು. ಈ ಕೆಲಸ ಬಿಟ್ಟುಬಿಡುತ್ತೇನೆ ಅಂತೇನಾದರೂ ಮನಸ್ಸಿನಲ್ಲಿದ್ದರೆ ಈಗಲೇ ತೆಗೆದುಹಾಕು. ಅವತ್ತು ನನ್ನ ಮುಂದೆ ಕೂತಿದ್ದವರಲ್ಲಿ ನಿನ್ನ ಹಾಗೆ ದನಿ ಏರಿಸುವವರು ಒಬ್ಬರೂ ಇರಲಿಲ್ಲ.

ಅಮ್ಮ


6 ಜುಲೈ

ಅಮ್ಮನಿಗೆ,

ಭೌತಶಾಸ್ತ್ರಕ್ಕೆ ಮತ್ತೆ ಸೇರಿದೆ. ನನಗಿಂತ ಚಿಕ್ಕವರ ಜೊತೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಕ್ಕ ಅನ್ನುತ್ತಾರೆ, ಮೈ ಉರಿಯುತ್ತದೆ.

ಒಂದು ವಿಷಯ ಕೇಳುವುದಿದೆ. ಆಗಸ್ಟಿನಲ್ಲಿ ಕೇಂದ್ರದ ಮೇಷ್ಟ್ರು ಒಂದು ಶಿಬಿರ ಮಾಡುತ್ತಾರೆ. ಮಂಡಿಯ ಮೇಲೆ ಕಾಲು ಹೋದವರ ಅಚ್ಚು ತೆಗೆಯುವುದನ್ನು ಕಲಿಸುತ್ತಾರೆ. ಜಾಗ ಕಡಿಮೆ. ಅಚ್ಚು ಕೊಡಲು ಒಪ್ಪಿದ ಒಬ್ಬರನ್ನು ಕರೆತಂದವರಿಗೆ ಮಾತ್ರ ಪ್ರವೇಶ. ಶಿಬಿರದಲ್ಲಿ ಕಲಿತವರಿಗೆ ಮುಂದಿನ ಸಂದರ್ಶನ ಸುಲಭ, ಇದು ಎಲ್ಲರಿಗೂ ಗೊತ್ತು. ನನಗೆ ಬೇರೆ ಯಾರೂ ಪರಿಚಯವಿಲ್ಲ.

ಅಚ್ಚು ಅಷ್ಟೇ. ಕಾಲು ಹಾಕಿಕೊಳ್ಳಬೇಕಾಗಿಲ್ಲ. ಅರ್ಧ ದಿನದ ಕೆಲಸ. ಪ್ಲಾಸ್ಟರ್ ಮೊದಲು ತಣ್ಣಗಿರುತ್ತದೆ, ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ. ಏನಾದರೂ ನೋವಾದರೆ ಅಲ್ಲೇ ನಿಲ್ಲಿಸುತ್ತಾರೆ.

ಬರುತ್ತೀಯಾ?

ನಿನ್ನ
ಗುಬ್ಬಿ


15 ಜುಲೈ

ಗುಬ್ಬಿಗೆ,

ಬೇಡ.

ಕಾರಣ ಬರೆಯಲು ಕೂತೆ. ಎರಡು ಹಾಳೆ ಬರೆದು ಹರಿದು ಹಾಕಿದೆ. ಕಾರಣ ಕೊಟ್ಟರೆ ನೀನು ಅದಕ್ಕೊಂದು ಪರಿಹಾರ ಹುಡುಕುತ್ತೀಯ. ದೂರ ಅಂದರೆ ಕಾರು ತರುತ್ತೀಯ, ಜನ ನೋಡುತ್ತಾರೆ ಅಂದರೆ ಪರದೆ ಹಾಕಿಸುತ್ತೀಯ. ಇದರಿಂದ ನಿನಗೆ ಏನು ತಪ್ಪಿಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬೇಡ ಅನ್ನುತ್ತಿದ್ದೇನೆ.

ಅಮ್ಮ


21 ಜುಲೈ

ಅಮ್ಮನಿಗೆ,

ಸರಿ.

ನಿನ್ನ
ಗುಬ್ಬಿ


30 ಜುಲೈ

ಗುಬ್ಬಿಗೆ,

ಪೋಸ್ಟಿನವನು ನಿನ್ನ ಕಾಗದ ಕೊಟ್ಟಾಗ ಅಂಗಡಿ ತುಂಬ ಜನ. ಲಕೋಟೆ ತೆಳ್ಳಗಿತ್ತು. ಒಳಗೆ ಇನ್ನೊಂದು ಹಾಳೆ ಇರಬೇಕು, ಆದರೆ ಅಂತಲೋ ಯೋಚನೆ ಮಾಡು ಅಂತಲೋ ಏನೋ ಇರಬೇಕು ಅಂತ ಬೆಳಕಿಗೆ ಹಿಡಿದು ನೋಡಿದೆ. ಹಾಳೆಯ ಹಿಂಭಾಗವನ್ನೂ ನೋಡಿದೆ. ಏನೂ ಇರಲಿಲ್ಲ.

ಗಿರಾಕಿಗಳನ್ನು ಕಳಿಸಿ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ಸಮಾಧಾನವಾಯಿತು ಅಂದುಕೊಳ್ಳುತ್ತೀಯೇನೋ. ಇಲ್ಲ. ಈ ಇಪ್ಪತ್ತು ವರ್ಷದಲ್ಲಿ ಬಾರದಷ್ಟು ಸಿಟ್ಟು ಬಂತು. ನಿನ್ನ ಮೇಲಲ್ಲ. ಸರಿ ಅನ್ನುವ ಒಂದೇ ಒಂದು ಮಾತು ಗುಬ್ಬಿ. ಬರೆಯಲು ಒಂದು ಗಳಿಗೆಯೂ ಹಿಡಿದಿರಲಾರದು ನಿನಗೆ. ಇಷ್ಟು ಸಣ್ಣ ಮಾತು ಅಂತ ನನಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಆ ಕಾಲು ಮಾಡಿದವನು, ಆ ಡಾಕ್ಟರು, ನನ್ನಮ್ಮ, ನಿಮ್ಮಪ್ಪ, ಅವರಲ್ಲಿ ಯಾರಾದರೂ ಒಬ್ಬರು ಒಂದೇ ಒಂದು ಬೆಳಿಗ್ಗೆ ಅಂದಿದ್ದರೆ, ನನಗೆ ಇವತ್ತು ಮಂಡಿ ಇರುತ್ತಿತ್ತು.

ನಿನ್ನ
ಅಮ್ಮ